ಜಾಣಕಿವುಡಿನ ಆಂಟೆನಾ

ಮರುಪ್ರಸಾರ ಕೇಂದ್ರಕ್ಕೆ ಸ್ವಂತ ಮಾತೆಂಬುದಿಲ್ಲ. ದೂರದ ಮೂಲ ಕೇಂದ್ರ ಹೊರಡಿಸಿದ ಅಲೆಯನ್ನು ಹಿಡಿಯುವುದು, ಬಲ ತುಂಬುವುದು, ಸಾಮಾನ್ಯವಾಗಿ ಇನ್ನೊಂದು ಆವರ್ತನಕ್ಕೆ ಬದಲಿಸಿ ಸುತ್ತಲಿನ ಊರುಗಳಿಗೆ ಹಂಚುವುದು, ಇಷ್ಟೇ ಅದರ ದಿನಚರಿ. ಹಾಗಾಗಿ ಅದು ಕೇಳಿಸಿಕೊಂಡದ್ದೇ ಊರಿಗೆಲ್ಲ ವೇದವಾಕ್ಯ. ಮನೆಯ ರೇಡಿಯೊದಲ್ಲಿ ಕರಕರ ಬಂದರೆ ಒಂದು ಮನೆಯ ಸಂಜೆ ಹಾಳಾದೀತು. ಅದೇ ಕರಕರವನ್ನು ಗುಡ್ಡದ ಮೇಲಿನ ರಿಲೇ ಕೇಂದ್ರ ಹಿಡಿದರೆ ಇಡೀ ತಾಲ್ಲೂಕಿಗೆ ಅದು ಪೂರ್ತಿ ಬಲದಲ್ಲಿ ತಲುಪುತ್ತದೆ. ಕೇಳುಗ ಎಷ್ಟು ದುಬಾರಿ ಸೆಟ್ಟು ತಂದಿಟ್ಟರೂ ಅದು ಹೋಗುವುದಿಲ್ಲ; ಅವನ ಪಾಲಿಗೆ ಆ ಕರಕರವೂ ಕಾರ್ಯಕ್ರಮದ ಭಾಗವೇ.

ಸಿಗ್ನಲ್ ಸಾಲದಿದ್ದರೆ ಬಲ ಹೆಚ್ಚಿಸಿದರಾಯಿತು ಎಂಬ ನಂಬಿಕೆಯನ್ನು ಮೊದಲು ಕೈಬಿಡಬೇಕು. ಟಿ.ವಿ. ಬಂದ ಹೊಸದರಲ್ಲಿ ಎಷ್ಟೋ ಮನೆಗಳ ಮಾಳಿಗೆಯ ಮೇಲೆ ಆಂಟೆನಾದ ಪಕ್ಕದಲ್ಲೇ 'ಬೂಸ್ಟರ್' ಎಂಬ ಪುಟ್ಟ ಡಬ್ಬಿ ಇರುತ್ತಿತ್ತು. ಸಿಗ್ನಲ್ ಕ್ಷೀಣವಾಗಿದ್ದಷ್ಟೇ ತೊಂದರೆಯಾದರೆ ಅದು ಉಪಕಾರಿಯೇ. ಆದರೆ ಅದೇ ಆವರ್ತನದಲ್ಲಿ ಇನ್ನೊಂದು ಕೇಂದ್ರವೂ ಬಂದು ಕೂತಿದ್ದರೆ ಬೂಸ್ಟರು ಇಬ್ಬರಿಗೂ ಸಮನಾಗಿ ಮೇವು ಹಾಕುತ್ತದೆ. ಬೇಕಾದದ್ದು ಹತ್ತು ಪಟ್ಟು, ಬೇಡವಾದದ್ದೂ ಹತ್ತು ಪಟ್ಟು. ಕೆಡುಕು ಇದ್ದಲ್ಲೇ ಇರುತ್ತದೆ, ಜೋರಾಗಿ ಇರುತ್ತದೆ ಅಷ್ಟೆ. ಲೆಕ್ಕಕ್ಕೆ ಬರುವುದು ಇವೆರಡರ ಅನುಪಾತ. ಅದನ್ನು ಬದಲಿಸಬೇಕೆಂದರೆ ಎರಡೂ ಒಂದೇ ತಂತಿಯಲ್ಲಿ ಬೆರೆಯುವ ಮುಂಚೆ, ಎಂದರೆ ಆಂಟೆನಾದಲ್ಲಿಯೇ ಬದಲಿಸಬೇಕು.

ಆ ಅನುಪಾತ ಎಷ್ಟಿರಬೇಕು? ಸ್ಟೀರಿಯೊ ಎಫ್‌ಎಂ ಪ್ರಸಾರಕ್ಕೆ ಅದೇ ಆವರ್ತನದ ಇನ್ನೊಂದು ಕೇಂದ್ರ ಸದಾಕಾಲ ಅಡ್ಡ ಬರುವಂತಿದ್ದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೇಳುವುದು 45 ಡೆಸಿಬೆಲ್ ಅಂತರವನ್ನು. ಎಂದರೆ ಬೇಕಾದ ಸಿಗ್ನಲ್ಲಿನ ಶಕ್ತಿ ಬೇಡವಾದದ್ದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚಿರಬೇಕು. ಮನೆಯ ಆಂಟೆನಾಗಳಿಂದ ಇದರಲ್ಲಿ ಎಷ್ಟು ಸಹಾಯ ಸಿಕ್ಕೀತು ಎಂಬುದಕ್ಕೂ ಒಕ್ಕೂಟದ್ದೊಂದು ಅಂದಾಜಿದೆ: ಯುಎಚ್‌ಎಫ್ ಟಿ.ವಿ. ಆಂಟೆನಾ ಬೇಡದ ದಿಕ್ಕಿನಿಂದ ಬಂದದ್ದನ್ನು 16 ಡೆಸಿಬೆಲ್, ಎಂದರೆ ನಲವತ್ತು ಪಟ್ಟು ಕುಗ್ಗಿಸೀತು, ಅದಕ್ಕಿಂತ ಹೆಚ್ಚನ್ನು ನೆಚ್ಚಬೇಡಿ ಎಂದು. ಮಾಳಿಗೆಯ ಆಂಟೆನಾದ ನಲವತ್ತು ಪಟ್ಟಿಗೂ ಪ್ರಸಾರ ಬೇಡುವ ಮೂವತ್ತು ಸಾವಿರ ಪಟ್ಟಿಗೂ ನಡುವಿನ ಕಂದಕವನ್ನು ಮುಚ್ಚಲು ಆವರ್ತನ ಹಂಚುವವರು ಕೇಂದ್ರಗಳನ್ನು ದೂರ ದೂರ ಇಡುತ್ತಾರೆ. ರಿಲೇ ಕೇಂದ್ರಕ್ಕೆ ಆ ಸೌಲಭ್ಯ ಕಡಿಮೆ. ಅದು ಇರುವುದೇ ಮೂಲ ಕೇಂದ್ರದ ಸಿಗ್ನಲ್ ಸೋತು ಸುಣ್ಣವಾಗುವ ಜಾಗದಲ್ಲಿ, ನೆರೆಯವರ ಸಿಗ್ನಲ್ ಚಿಗುರುವ ಅಂಚಿನಲ್ಲಿ.

ಇಲ್ಲಿಗೆ ಬೇಕಾದದ್ದು ಚುರುಕು ಕಿವಿಯಲ್ಲ, ಜಾಣಕಿವುಡು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಅದನ್ನೇ: ಒಳ್ಳೆಯ ಗ್ರಾಹಕ ಆಂಟೆನಾದ ಯೋಗ್ಯತೆಯನ್ನು ಅದು ಯಾವ ದಿಕ್ಕಿಗೆ ಕೇಳುತ್ತದೆ ಎಂಬುದಕ್ಕಿಂತ ಯಾವ ದಿಕ್ಕಿಗೆ ಕೇಳುವುದಿಲ್ಲ ಎಂಬುದರಿಂದ ಅಳೆಯಬೇಕು.

ಇದನ್ನು ಪರೀಕ್ಷಿಸಲು ಗುಡ್ಡ ಹತ್ತಬೇಕಿಲ್ಲ. ಮೀಡಿಯಂ ವೇವ್ ಇರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸಾಕು. ಅದರೊಳಗೆ ಬಳಪದಂಥ ಕಪ್ಪು ಫೆರೈಟ್ ಕಡ್ಡಿಯೊಂದು ಮಲಗಿರುತ್ತದೆ, ಮೈತುಂಬ ಸಣ್ಣ ತಾಮ್ರದ ತಂತಿ ಸುತ್ತಿಕೊಂಡು. ಅದೇ ಆಂಟೆನಾ. ಹಗಲಿನಲ್ಲಿ ಒಂದು ಸ್ಥಳೀಯ ಕೇಂದ್ರ ಹಾಕಿ ರೇಡಿಯೊವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ದನಿ ಅತಿ ಜೋರಾಗಿರುವ ಕೋನ ಯಾವುದೆಂದು ಹೇಳುವುದು ಕಷ್ಟ. ಇಪ್ಪತ್ತು ಡಿಗ್ರಿ ಆಚೀಚೆ ಹೋದರೂ ಸಿಗ್ನಲ್ಲಿನ ವೋಲ್ಟೇಜು ನೂರಕ್ಕೆ ತೊಂಬತ್ತನಾಲ್ಕರಷ್ಟು ಉಳಿದೇ ಇರುತ್ತದೆ. ಆದರೆ ಕಡ್ಡಿಯ ತುದಿ ನೇರ ಕೇಂದ್ರದ ಕಡೆ ಮಾಡಿದೊಡನೆ ದನಿ ಥಟ್ಟನೆ ಇಂಗುತ್ತದೆ. ಆ ಕೋನ ಎಷ್ಟು ಖಚಿತವೆಂದರೆ ಹತ್ತು ಡಿಗ್ರಿ ಸರಿದರೆ ಮತ್ತೆ ಆರರಲ್ಲೊಂದು ಪಾಲು ವೋಲ್ಟೇಜು ಬಂದುಬಿಡುತ್ತದೆ. ಜೋರಿನ ದಿಕ್ಕು ಅಗಲ, ಮೌನದ ದಿಕ್ಕು ಸಪುರ. ಹಡಗು ವಿಮಾನಗಳ ದಿಕ್ಸೂಚಕ ರೇಡಿಯೊಗಳೂ ಇದೇ ಕಾರಣಕ್ಕೆ ದನಿ ಹೆಚ್ಚುವ ಕಡೆಯನ್ನು ಬಿಟ್ಟು ದನಿ ಅಡಗುವ ಕಡೆಯನ್ನು ಹುಡುಕುತ್ತಿದ್ದವು.

ರಿಲೇ ಕೇಂದ್ರದ ಎಂಜಿನಿಯರಿಗೆ ಇದರಲ್ಲೊಂದು ಉಪಾಯ ಅಡಗಿದೆ. ಆಂಟೆನಾವನ್ನು ಮೂಲ ಕೇಂದ್ರದ ಕಡೆಗೆ ಕೂದಲೆಳೆಯಷ್ಟು ನಿಖರವಾಗಿ ತಿರುಗಿಸುವುದು ಹೊಸಬರ ಅಭ್ಯಾಸ. ಕೈ ಪಳಗಿದವರು ಅದನ್ನು ಹತ್ತು ಹದಿನೈದು ಡಿಗ್ರಿ ಬೇಕೆಂದೇ ಓರೆಯಾಗಿಡುತ್ತಾರೆ. ಬೇಕಾದ ಸಿಗ್ನಲ್ ಒಂದು ಡೆಸಿಬೆಲ್ ಆಸುಪಾಸು ಕಡಿಮೆಯಾದರೂ ಚಿಂತೆಯಿಲ್ಲ, ಪೀಡಿಸುವ ಕೇಂದ್ರ ಆಂಟೆನಾದ ಕಿವುಡು ಮೂಲೆಗೆ ಬಿದ್ದರೆ ಇಪ್ಪತ್ತು ಡೆಸಿಬೆಲ್ ಲಾಭ.

ಪ್ರಸಾರ ಮಾಡುವ ಆಂಟೆನಾಗೂ ಕೇಳುವ ಆಂಟೆನಾಗೂ ಭೌತಶಾಸ್ತ್ರದಲ್ಲಿ ವ್ಯತ್ಯಾಸವಿಲ್ಲ. ಯಾವ ದಿಕ್ಕಿಗೆ ಎಷ್ಟು ಸೂಸುತ್ತದೋ ಆ ದಿಕ್ಕಿನಿಂದ ಅಷ್ಟನ್ನೇ ಹೀರುತ್ತದೆ. ಆದರೆ ಎರಡರ ಆಸೆಗಳು ಬೇರೆ. ಪ್ರಸಾರಕನಿಗೆ ಪ್ರತಿ ವಾಟೂ ಕಾಸು. ನೂರು ವಾಟ್ ಕೊಟ್ಟರೆ ತೊಂಬತ್ತೊಂಬತ್ತು ವಾಟ್ ನೆಲದಲ್ಲಿ ಇಂಗಿಹೋಗುವ ಆಂಟೆನಾವನ್ನು ಅವನು ಹತ್ತಿರಕ್ಕೂ ಸೇರಿಸುವುದಿಲ್ಲ. ಕೇಳುವವನಿಗೆ ಮಾತ್ರ ಅದು ಚಿನ್ನವಾಗಬಹುದು.

ಹಾಗಾದದ್ದಕ್ಕೆ ಸಾಕ್ಷಿ ಹೆರಾಲ್ಡ್ ಬೆವರೇಜ್ ಎಂಬ ಅಮೆರಿಕದ ಎಂಜಿನಿಯರನ ತಂತಿ. 1920ರ ಆಸುಪಾಸಿನಲ್ಲಿ ಅಟ್ಲಾಂಟಿಕ್ ದಾಟಿ ಬರುವ ದೀರ್ಘ ತರಂಗಗಳನ್ನು ಹಿಡಿಯುವುದು ಅವನ ಕೆಲಸವಾಗಿತ್ತು. ಅಡ್ಡಿ ಬರುತ್ತಿದ್ದದ್ದು ಸಿಡಿಲು. ಭೂಮಿಯ ಮೇಲೆ ಸೆಕೆಂಡಿಗೆ ಸುಮಾರು ನಲವತ್ತೈದು ಮಿಂಚು ಹೊಡೆಯುತ್ತಲೇ ಇರುತ್ತವೆ. ಪ್ರತಿಯೊಂದೂ ಒಂದು ಬೃಹತ್ ರೇಡಿಯೊ ಪ್ರಸಾರವೇ. ದೀರ್ಘ ಮತ್ತು ಮಧ್ಯಮ ತರಂಗಗಳಲ್ಲಿ ಈ ಗದ್ದಲದ ಮುಂದೆ ಗ್ರಾಹಕ ಯಂತ್ರದ ಸ್ವಂತ ಗೊರಗೊರ ಲೆಕ್ಕಕ್ಕೇ ಇಲ್ಲ. ಬೆವರೇಜ್ ಮಾಡಿದ್ದು ಇಷ್ಟು: ಉದ್ದನೆಯ ತಂತಿಯೊಂದನ್ನು ಟೆಲಿಗ್ರಾಫ್ ಕಂಬಗಳ ಎತ್ತರದಲ್ಲಿ, ಯುರೋಪಿನ ದಿಕ್ಕಿಗೆ ನೇರವಾಗಿ ಕಿಲೋಮೀಟರುಗಟ್ಟಲೆ ಎಳೆದ. ದೂರದ ತುದಿಯನ್ನು ಕೆಲವು ನೂರು ಓಮ್‌ಗಳ ಒಂದು ರೋಧಕದ ಮೂಲಕ ನೆಲಕ್ಕೆ ಕಟ್ಟಿದ. ಇತ್ತ ತುದಿಯಲ್ಲಿ ಗ್ರಾಹಕ.

ನೆಲ ಒಳ್ಳೆಯ ವಿದ್ಯುದ್ವಾಹಕವಲ್ಲದ ಕಡೆ ಹಾದುಹೋಗುವ ರೇಡಿಯೊ ಅಲೆಯ ಬುಡ ತುಸು ಹಿಂದೆ ಎಳೆಯುತ್ತದೆ, ತಲೆ ಮುಂದೆ ಬಾಗುತ್ತದೆ. ಆ ಬಾಗಿದ ಅಂಶ ತಂತಿಯುದ್ದಕ್ಕೂ ಚೂರು ಚೂರೇ ವಿದ್ಯುತ್ತನ್ನು ಹುಟ್ಟಿಸುತ್ತ ಹೋಗುತ್ತದೆ. ಯುರೋಪಿನ ಕಡೆಯಿಂದ ಬಂದ ಅಲೆ ದೂರದ ತುದಿಯಲ್ಲಿ ತಂತಿಯನ್ನು ಹೊಕ್ಕು, ಜತೆಜತೆಗೇ ಬೆಳೆಯುತ್ತ ಗ್ರಾಹಕಕ್ಕೆ ಬಂದು ಸೇರುತ್ತದೆ. ಎದುರು ದಿಕ್ಕಿನಿಂದ ಬಂದದ್ದೂ ಹಾಗೆಯೇ ಬೆಳೆಯುತ್ತದೆ, ಆದರೆ ಬೆಳೆದು ಹೋಗಿ ಬೀಳುವುದು ದೂರದ ರೋಧಕಕ್ಕೆ. ಅಲ್ಲಿ ತುಸು ಶಾಖವಾಗಿ ಮುಗಿಯುತ್ತದೆ. ಇಷ್ಟರಲ್ಲಿ ಬೆವರೇಜನ ಅದೃಷ್ಟವೂ ಸೇರಿತು. ಅಮೆರಿಕದ ಪೂರ್ವ ಕರಾವಳಿಯಿಂದ ಯುರೋಪು ಈಶಾನ್ಯಕ್ಕಿದ್ದರೆ, ಮಧ್ಯ ಅಮೆರಿಕದ ಸಿಡಿಲಿನ ತವರು ನೈರುತ್ಯಕ್ಕಿದೆ. ಬೇಕಾದದ್ದು ಮುಂದೆ, ಬೇಡವಾದದ್ದು ಬೆನ್ನಿಗೆ. ತಂತಿ ಹಿಡಿಯುತ್ತಿದ್ದ ಶಕ್ತಿ ಅತ್ಯಲ್ಪ, ಆದರೆ ಸಿಡಿಲು ಇನ್ನೂ ಅತ್ಯಲ್ಪವಾಗಿತ್ತು. ಉಳಿದದ್ದನ್ನು ಬಲವರ್ಧಕ ನೋಡಿಕೊಂಡಿತು. ಬೂಸ್ಟರಿಗೆ ಮರ್ಯಾದೆ ಬರುವುದು ಇಂಥಲ್ಲಿ, ಆಂಟೆನಾ ತನ್ನ ಕೆಲಸ ಮುಗಿಸಿದ ಮೇಲೆ.

1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲೆ ಎಂಬ ಅಮೆರಿಕದ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರೋಸನ್ ಕಡಲತೀರದ ಗದ್ದೆಯಲ್ಲಿ ಡೇರೆ ಹೊಡೆದು, ಸುಮಾರು 400 ಮೀಟರಿನ ಬೆವರೇಜ್ ತಂತಿ ಎಳೆದು, ತನ್ನ ದೇಶದ ಹವ್ಯಾಸಿಗಳ ಸಣ್ಣಪುಟ್ಟ ಪ್ರಸಾರಗಳನ್ನು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಕೇಳಿದ. 1925ರ ಮಾರ್ಚಿನಲ್ಲಿ ಇಂಗ್ಲೆಂಡಿನ ದೀರ್ಘ ತರಂಗದ ಕಾರ್ಯಕ್ರಮವನ್ನು ಅಮೆರಿಕದ ಮೇನ್ ರಾಜ್ಯದ ಬೆಲ್‌ಫಾಸ್ಟ್ ಎಂಬಲ್ಲಿ ಹಿಡಿದು ನ್ಯೂಯಾರ್ಕಿನ ಡಬ್ಲ್ಯುಜೆಝಡ್ ಕೇಂದ್ರದಿಂದ ಮರುಪ್ರಸಾರ ಮಾಡಿದರು. ಖಂಡದಿಂದ ಖಂಡಕ್ಕೆ ಗಾಳಿಯಲ್ಲಿ ಕಾರ್ಯಕ್ರಮ ದಾಟಿಸಿದ ಮೊದಮೊದಲ ಯತ್ನಗಳಲ್ಲಿ ಇದೊಂದು.

ಅಡಚಣೆಯ ದಿಕ್ಕು ಹುಡುಕಲು ಹೋದವರಿಗೆ ಒಮ್ಮೊಮ್ಮೆ ಬೇರೆಯೇ ನಿಧಿ ಸಿಗುತ್ತದೆ. ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್‌ಸ್ಕಿ ಸಾಗರದಾಚೆಯ ರೇಡಿಯೊ ಟೆಲಿಫೋನಿಗೆ ಅಡ್ಡಿಯಾಗುವ ಗದ್ದಲ ಎಲ್ಲಿಂದ ಬರುತ್ತದೆಂದು ನೋಡಲು ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಸುಮಾರು ಮೂವತ್ತು ಮೀಟರ್ ಉದ್ದದ ಆಂಟೆನಾವನ್ನು ಫೋರ್ಡ್ ಕಾರಿನ ಚಕ್ರಗಳ ಮೇಲೆ ಕೂರಿಸಿ ಇಪ್ಪತ್ತು ನಿಮಿಷಕ್ಕೊಂದು ಸುತ್ತು ಹಾಕಿಸುತ್ತಿದ್ದ. 20.5 ಮೆಗಾಹರ್ಟ್ಸ್‌ನಲ್ಲಿ ಸಿಡಿಲಿನದಲ್ಲದ ಒಂದು ಹಿಸ್ಸೆನ್ನುವ ದನಿ ದಿನವೂ ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು, ನಕ್ಷತ್ರಗಳು ಹುಟ್ಟುವ ಹಾಗೆ. ಅದು ಆಕಾಶಗಂಗೆಯ ನಡುವಿನಿಂದ ಬರುತ್ತಿದೆ ಎಂದು ಅವನು 1933ರಲ್ಲಿ ಪ್ರಕಟಿಸಿದ. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದು ಹೀಗೆ, ಒಂದು ದೂರಿನ ತನಿಖೆಯಿಂದ.

ಶಾರ್ಟ್‌ವೇವ್‌ನ ಕಾಲದಲ್ಲಿ ದೂರದ ಕೇಂದ್ರವನ್ನು ಹಿಡಿದು ಮರುಪ್ರಸಾರ ಮಾಡುವ ಕಷ್ಟವನ್ನು ನಮ್ಮವರೂ ಚೆನ್ನಾಗಿ ಉಂಡಿದ್ದಾರೆ. ಉಪಗ್ರಹ ಬರುವ ಮುನ್ನ ಆಕಾಶವಾಣಿಯ ಪ್ರಾದೇಶಿಕ ಕೇಂದ್ರಗಳು ದೆಹಲಿಯ ವಾರ್ತೆಗಳನ್ನು ಶಾರ್ಟ್‌ವೇವ್‌ನಲ್ಲಿ ಹಿಡಿದು ತಮ್ಮ ಮೀಡಿಯಂ ವೇವ್‌ನಲ್ಲಿ ಮರುಪ್ರಸಾರ ಮಾಡುತ್ತಿದ್ದವು. ಕನ್ನಡ ವಾರ್ತೆಯನ್ನೂ ದೆಹಲಿಯಿಂದಲೇ ಓದುತ್ತಿದ್ದರು. ಬೆಂಗಳೂರಿನ ಕಾರ್ಯಕ್ರಮ ಗಂಟೆ ಹೊಡೆದಂತೆ ಸ್ವಚ್ಛವಾಗಿ ಬರುತ್ತಿದ್ದು, ದೆಹಲಿಯ ವಾರ್ತೆ ಶುರುವಾದ ಕೂಡಲೇ ದನಿ ಉಬ್ಬುತ್ತ ಇಳಿಯುತ್ತ, ನಡುವೆ ಗೊಗ್ಗರಾಗುತ್ತ ಬರುತ್ತಿದ್ದುದು ಹಿರಿಯ ಕೇಳುಗರಿಗೆ ನೆನಪಿರುತ್ತದೆ. ವಾರ್ತೆ ಓದುವವರ ಗಂಟಲಿನ ತಪ್ಪು ಅದಲ್ಲ. ಮೇಲಣ ವಾಯುಮಂಡಲದ ಅಯಾನುಗೋಲಕ್ಕೆ ಬಡಿದು ಬರುವ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದು ಒಂದೇ ನೆಗೆತದಲ್ಲಿ, ಇನ್ನೊಂದು ಎರಡು ನೆಗೆತದಲ್ಲಿ ಬಂದು, ಒಮ್ಮೆ ಕೂಡಿ ಒಮ್ಮೆ ಕಳೆದು, ಏರಿಳಿತ ಹುಟ್ಟಿಸುತ್ತವೆ. ಎಂದರೆ ಇಲ್ಲಿ ಅಡಚಣೆ ಬೇರೆ ಯಾರದೋ ಅಲ್ಲ, ತನ್ನದೇ ತಡವಾದ ಪ್ರತಿ. ಅದು ಬರುವುದೂ ಅದೇ ದೆಹಲಿಯ ದಿಕ್ಕಿನಿಂದ. ಬೇರೆಯಿರುವುದು ಆಕಾಶದಿಂದ ಇಳಿಯುವ ಕೋನ ಮಾತ್ರ.

ಆ ಕೋನವನ್ನೇ ಬೇರ್ಪಡಿಸಲು ಬೆಲ್ ಪ್ರಯೋಗಾಲಯದ ಫ್ರಿಸ್ ಮತ್ತು ಫೆಲ್ಡ್‌ಮನ್ 1937ರಲ್ಲಿ ವಜ್ರಾಕೃತಿಯಲ್ಲಿ ತಂತಿ ಎಳೆದ ಆರು ರಾಂಬಿಕ್ ಆಂಟೆನಾಗಳನ್ನು ಒಂದು ಕಿಲೋಮೀಟರಿಗೂ ಮಿಕ್ಕಿ ಸಾಲಾಗಿ ನಿಲ್ಲಿಸಿ, ಒಂದೊಂದರ ಸಿಗ್ನಲ್ಲನ್ನೂ ಬೇಕಾದಷ್ಟು ತಡಮಾಡಿ ಕೂಡಿಸಿದರು. ಅಲ್ಲಾಡದ ಕಂಬಗಳು, ತಿರುಗುವ ನೋಟ. ಟೆಲಿಫೋನಿಗಾಗಿ ಮಾಡಿದ, ವಿಸ್ತಾರವಾದ ಹೊಲ ಬೇಡುವ ಈ ವೈಭವ ಸಣ್ಣ ಪ್ರಸಾರ ಕೇಂದ್ರಗಳ ಕೈಗೆಟುಕುವಂಥದಲ್ಲ. ಅವು ನೂರಿನ್ನೂರು ಮೀಟರ್ ದೂರದಲ್ಲಿ ಎರಡು ಮೂರು ಆಂಟೆನಾ ಇಟ್ಟು, ಆ ಕ್ಷಣಕ್ಕೆ ಯಾವುದು ಚೆನ್ನಾಗಿದೆಯೋ ಅದನ್ನು ಆರಿಸಿಕೊಳ್ಳುವ ಉಪಾಯದಲ್ಲೇ ತೃಪ್ತಿಪಟ್ಟವು. ಒಂದರಲ್ಲಿ ದನಿ ಮುಳುಗಿದಾಗ ಇನ್ನೊಂದರಲ್ಲಿ ತೇಲುತ್ತಿರುವ ಸಂಭವವೇ ಹೆಚ್ಚು.

ಎಫ್‌ಎಂ ಮತ್ತು ಟಿ.ವಿ.ಯ ಆವರ್ತನಗಳಿಗೆ ಬಂದರೆ ಅಲೆ ಗಿಡ್ಡವಾಗುತ್ತದೆ, ಆಂಟೆನಾಗಳು ಕೈಯಳತೆಗೆ ಸಿಗುತ್ತವೆ. 100 ಮೆಗಾಹರ್ಟ್ಸ್‌ನ ಅಲೆಯ ಉದ್ದ 3 ಮೀಟರ್. 500 ಮೆಗಾಹರ್ಟ್ಸ್‌ನದು 60 ಸೆಂಟಿಮೀಟರ್. ಇಲ್ಲಿ ಕಿವುಡು ಮೂಲೆಯನ್ನು ನಮಗೆ ಬೇಕಾದ ಕಡೆಗೇ ಕೂರಿಸಬಹುದು. ಲೆಕ್ಕ ಸುಲಭ, ಆದ್ದರಿಂದ ಒಂದನ್ನು ಪೂರ್ತಿ ಮಾಡಿಯೇ ನೋಡೋಣ.

ಎಫ್‌ಎಂ ರಿಲೇ ಕೇಂದ್ರವೊಂದಕ್ಕೆ ಮೂಲ ಕೇಂದ್ರ ನೇರ ಉತ್ತರಕ್ಕಿದೆ ಎಂದುಕೊಳ್ಳಿ. ಅದೇ ಆವರ್ತನದ ಇನ್ನೊಂದು ಕೇಂದ್ರ ಉತ್ತರದಿಂದ 30 ಡಿಗ್ರಿ ಬಲಕ್ಕಿದೆ. ಮಾಳಿಗೆಗಳ ಮೇಲೆ ಕಾಣುವ, ಕಡ್ಡಿಗಳ ಸಾಲಿನ ಸಾಮಾನ್ಯ ಯಾಗಿ ಆಂಟೆನಾಗೆ 30 ಡಿಗ್ರಿ ಏನೂ ಅಲ್ಲ, ಎರಡನ್ನೂ ಅದು ಆದರದಿಂದ ಬರಮಾಡಿಕೊಳ್ಳುತ್ತದೆ. ಈಗ ಒಂದೇ ತರಹದ ಎರಡು ಯಾಗಿಗಳನ್ನು ಪೂರ್ವಪಶ್ಚಿಮವಾಗಿ ಅಕ್ಕಪಕ್ಕ ನಿಲ್ಲಿಸಿ, ಎರಡೂ ಉತ್ತರಕ್ಕೆ ಮುಖಮಾಡಿರಲಿ. ಉತ್ತರದ ಅಲೆ ಎರಡನ್ನೂ ಒಂದೇ ಕ್ಷಣಕ್ಕೆ ಮುಟ್ಟುತ್ತದೆ. ಸಮಾನ ಉದ್ದದ ಕೇಬಲ್‌ಗಳಲ್ಲಿ ಇಳಿದು ಕೂಡಿಕೊಳ್ಳುತ್ತದೆ. ಬಲಗಡೆಯ ಕೇಂದ್ರದ ಅಲೆ ಬಲಗಡೆಯ ಯಾಗಿಯನ್ನು ಮೊದಲು ಮುಟ್ಟಿ, ಎಡಗಡೆಯದಕ್ಕೆ ತಲುಪಲು ತುಸು ಹೆಚ್ಚು ದಾರಿ ನಡೆಯಬೇಕು. ಆ ಹೆಚ್ಚುವರಿ ದಾರಿ ಸರಿಯಾಗಿ ಅರ್ಧ ಅಲೆಯಷ್ಟು, ಎಂದರೆ ಒಂದೂವರೆ ಮೀಟರ್ ಆದರೆ, ಒಂದರಲ್ಲಿ ಉಬ್ಬು ಇರುವಾಗ ಇನ್ನೊಂದರಲ್ಲಿ ತಗ್ಗು; ಕೂಡಿದರೆ ಸೊನ್ನೆ. 30 ಡಿಗ್ರಿಯ ಸೈನ್ ಅರ್ಧ. ಹಾಗಾಗಿ ಯಾಗಿಗಳ ನಡುವೆ ಮೂರು ಮೀಟರ್ ಅಂತರವಿಟ್ಟರೆ ಕೆಲಸವಾಯಿತು. ಪೀಡಕ 10 ಡಿಗ್ರಿಯಷ್ಟೇ ದೂರದಲ್ಲಿದ್ದರೆ ಅಂತರ ಸುಮಾರು ಎಂಟೂವರೆ ಮೀಟರಿಗೇರುತ್ತದೆ, ಗೋಪುರದ ಮೇಲೆ ಅಷ್ಟು ಉದ್ದದ ಅಡ್ಡಪಟ್ಟಿ ಹಾಕಬೇಕಾಗುತ್ತದೆ. ದಿಕ್ಕುಗಳು ಹತ್ತಿರವಾದಷ್ಟೂ ಆಂಟೆನಾ ಅಗಲವಾಗಬೇಕು ಎಂಬ ನಿಯಮಕ್ಕೆ ರಿಯಾಯಿತಿ ಇಲ್ಲ.

ಕಾಗದದ ಮೇಲೆ ಸೊನ್ನೆ ಬಂದರೂ ಗೋಪುರದ ಮೇಲೆ ಬರುವುದಿಲ್ಲ. ಗಟ್ಟಿ ಪಾಲಿಥೀನ್ ತುಂಬಿದ ಕೇಬಲ್ಲಿನಲ್ಲಿ ಅಲೆ ಬೆಳಕಿನ ವೇಗದ ಮೂರರಲ್ಲೆರಡು ಪಾಲಿನಷ್ಟೇ ವೇಗವಾಗಿ ಹೋಗುತ್ತದೆ, ಆದ್ದರಿಂದ ಮೂರು ಮೀಟರಿನ ಅಲೆ ಒಳಗೆ ಎರಡು ಮೀಟರಿಗೆ ಕುಗ್ಗಿರುತ್ತದೆ. ಎರಡು ಕೇಬಲ್‌ಗಳಲ್ಲಿ ಒಂದನ್ನು ಐದೂವರೆ ಸೆಂಟಿಮೀಟರ್ ಹೆಚ್ಚು ಉದ್ದಕ್ಕೆ ಕತ್ತರಿಸಿದರೆ ಅಲೆಯ ಉಬ್ಬುತಗ್ಗಿನ ಲೆಕ್ಕದಲ್ಲಿ ಹತ್ತು ಡಿಗ್ರಿಯ ತಪ್ಪು. ಅಷ್ಟಕ್ಕೇ ಸೊನ್ನೆ ಎಂದುಕೊಂಡದ್ದು 21 ಡೆಸಿಬೆಲ್‌ಗೆ ನಿಂತುಬಿಡುತ್ತದೆ. ಒಂದು ಕನೆಕ್ಟರಿಗೆ ಮಳೆನೀರು ಇಳಿದು ಒಂದು ಕಡೆಯ ಸಿಗ್ನಲ್ ಸೊರಗಿದರೂ ಅದೇ ಗತಿ. ಗಾಳಿಗೆ ಅಲ್ಲಾಡುವ ಕಂಬ, ಪಕ್ಕದ ತಗಡಿನ ಚಾವಣಿಯಿಂದ ಚದುರಿ ಬೇರೆ ಕೋನದಲ್ಲಿ ಬರುವ ಅದೇ ಪೀಡಕನ ಅಲೆ, ಇವೆಲ್ಲ ಸೇರಿ ಸ್ಥಿರವಾಗಿ ಸಿಗುವುದು ಇಪ್ಪತ್ತು ಮೂವತ್ತು ಡೆಸಿಬೆಲ್. ಅದೂ ಸಣ್ಣ ಮಾತಲ್ಲ. ಕೇಬಲ್ ಕತ್ತರಿಸುವವನ ಟೇಪು ನೆಟ್ಟಗಿದ್ದರೆ ಒಂದು ಜಿಲ್ಲೆಯ ಸಂಗೀತ ಸ್ವಚ್ಛವಾಗುತ್ತದೆ ಎಂಬುದು ನನಗಂತೂ ಆಂಟೆನಾ ಶಾಸ್ತ್ರದ ಅತಿ ಇಷ್ಟವಾದ ಸಂಗತಿ.

ಇನ್ನೂ ಅಗ್ಗದ ಸಹಾಯಕರಿದ್ದಾರೆ. ಮೊದಲನೆಯದು ಗುಡ್ಡ. ಪ್ರಸಾರದ ಆಂಟೆನಾ ಶಿಖರದಲ್ಲಿರಬೇಕು ನಿಜ, ಕೇಳುವ ಆಂಟೆನಾ ಇರಬೇಕಿಲ್ಲ. ಮೂಲ ಕೇಂದ್ರದ ಕಡೆಗಿನ ಇಳಿಜಾರಿನಲ್ಲಿ, ಶಿಖರಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಕೂರಿಸಿದರೆ ಹಿಂದಿನಿಂದ ಬರುವ ಕೇಂದ್ರಗಳಿಗೆ ಗುಡ್ಡವೇ ಗೋಡೆ. ಅದಕ್ಕಾಗಿಯೇ ಎಂಜಿನಿಯರುಗಳು ಜಾಗ ಆರಿಸುವ ಮುನ್ನ ಅಳತೆಯ ಉಪಕರಣ ಹಿಡಿದು ಇಳಿಜಾರಿನಲ್ಲೆಲ್ಲ ಸುತ್ತುತ್ತಾರೆ. ಇನ್ನೊಂದು, ಅಲೆಯ ಭಂಗಿ. ಬ್ರಿಟನ್ನಿನ ಯುಎಚ್‌ಎಫ್ ಟಿ.ವಿ.ಯಲ್ಲಿ ಮುಖ್ಯ ಕೇಂದ್ರಗಳ ಅಲೆಗಳು ಸಾಮಾನ್ಯವಾಗಿ ಅಡ್ಡ ಕಂಪಿಸುತ್ತವೆ, ರಿಲೇ ಕೇಂದ್ರಗಳವು ಲಂಬವಾಗಿ. ಅಡ್ಡ ಮಲಗಿಸಿದ ಆಂಟೆನಾಗೆ ಲಂಬದ ಅಲೆ ಅಷ್ಟಾಗಿ ನಾಟುವುದಿಲ್ಲ.

ಇಷ್ಟೆಲ್ಲ ಉಪಾಯ ನಿಂತಿರುವುದು ಒಂದು ನಂಬಿಕೆಯ ಮೇಲೆ: ಪೀಡಕರು ಯಾರು, ಎಲ್ಲಿದ್ದಾರೆ ಎಂಬುದು ಗೊತ್ತಿದೆ, ಅವರು ನಾಳೆಯೂ ಅಷ್ಟೇ ಬಲದಲ್ಲಿರುತ್ತಾರೆ. ಸಮುದ್ರದ ಬಳಿ ಈ ನಂಬಿಕೆ ನಡೆಯುವುದಿಲ್ಲ. ಬೆಚ್ಚಗಿನ ಒಣಗಾಳಿ ತಂಪಾದ ತೇವದ ಗಾಳಿಯ ಮೇಲೆ ಕೂತಾಗ ಅಲೆಗಳು ನೀರಿನ ಮೇಲ್ಮೈಗೆ ಅಂಟಿಕೊಂಡು, ಭೂಮಿಯ ಬಾಗಿನ ಜತೆಗೇ ಬಾಗುತ್ತ ಬಹುದೂರ ಹೋಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಮುಂಬೈಯಲ್ಲಿದ್ದ 200 ಮೆಗಾಹರ್ಟ್ಸ್ ರೇಡಾರಿಗೆ ಬೇಸಗೆಯಲ್ಲಿ ಸಾವಿರಕ್ಕೂ ಹೆಚ್ಚು ಮೈಲಿ ದೂರದ ಅರೇಬಿಯಾದ ನೆಲದಿಂದ ಪ್ರತಿಧ್ವನಿ ಬರುತ್ತಿತ್ತು. 1980ರ ದಶಕದಲ್ಲಿ ತಮಿಳುನಾಡಿನ ಕರಾವಳಿಯ ಮನೆಗಳಲ್ಲಿ ಶ್ರೀಲಂಕಾದ ರೂಪವಾಹಿನಿ ಕಾಣುತ್ತಿತ್ತು. ನೋಡುವವರಿಗೆ ಅದು ಹಬ್ಬ. ರಿಲೇ ಕೇಂದ್ರವಾಗಿದ್ದರೆ ಪೀಡೆ.

ಈ ಪೀಡೆಯನ್ನು ಪೂರ್ತಿ ಅನುಭವಿಸಿದ್ದು ಇಂಗ್ಲಿಷ್ ಕಡಲ್ಗಾಲುವೆಯ ಚಾನೆಲ್ ದ್ವೀಪಗಳು. ಆಡಳಿತದ ನಂಟು ಬ್ರಿಟನ್ನಿನ ಕಿರೀಟಕ್ಕೆ, ಭೂಗೋಳದ ನಂಟು ಫ್ರಾನ್ಸಿಗೆ. ಅಲ್ಲಿಯ ಚಾನೆಲ್ ಟೆಲಿವಿಷನ್ 1962ರ ಸೆಪ್ಟೆಂಬರ್ 1ರಂದು ಶುರುವಾಯಿತು, ಕಪ್ಪು ಬಿಳುಪಿನಲ್ಲಿ. ಇಂಗ್ಲೆಂಡಿನ ಖಾಸಗಿ ಟಿ.ವಿ. ಜಾಲ ಐಟಿವಿ 1969ರಲ್ಲಿ ಬಣ್ಣಕ್ಕೆ ತಿರುಗಿತು. ದ್ವೀಪದವರು 1976ರವರೆಗೆ ಕಾದರು. ಬಣ್ಣದ ಯುಎಚ್‌ಎಫ್ ಸಿಗ್ನಲ್ಲನ್ನು ಡೆವನ್‌ನ ಸ್ಟಾಕ್‌ಲೆಂಡ್ ಹಿಲ್ ಕೇಂದ್ರದಿಂದ ಆಲ್ಡರ್ನಿ ದ್ವೀಪದಲ್ಲಿ ಹಿಡಿದು, ಅಲ್ಲಿಂದ ಜರ್ಸಿಯ ಫ್ರೀಮಾಂಟ್ ಪಾಯಿಂಟ್ ಪ್ರಸಾರಕಕ್ಕೆ ಒದಗಿಸಬೇಕಿತ್ತು. ಸ್ಟಾಕ್‌ಲೆಂಡ್ ಹಿಲ್‌ನಿಂದ ಆಲ್ಡರ್ನಿಗೆ 140 ಕಿಲೋಮೀಟರಿನಷ್ಟು ದೂರ, ಬಹುಪಾಲು ನೀರಿನ ಮೇಲೆ, ರೇಡಿಯೊ ದಿಗಂತದ ಅಂಚಿನಲ್ಲಿ. ಫ್ರಾನ್ಸಿನ ತೀರವೋ ಹದಿನೈದು ಕಿಲೋಮೀಟರಿನ ಕೂಗಳತೆಯಲ್ಲಿ. ಹವೆ ಪ್ರಶಾಂತವಾಗಿ, ಆಕಾಶ ತಿಳಿಯಾಗಿ, ಸಮುದ್ರಸ್ನಾನಕ್ಕೆ ಹೇಳಿಮಾಡಿಸಿದ ದಿನವೇ ಯುರೋಪಿನ ಭೂಖಂಡದ ಕೇಂದ್ರಗಳೆಲ್ಲ ಪರದೆಯ ಮೇಲೆ ಪಟ್ಟೆಪಟ್ಟೆಯಾಗಿ ಇಳಿಯುತ್ತಿದ್ದವು. ಇಂದು ಒಂದು ದಿಕ್ಕಿನಿಂದ, ನಾಳೆ ಇನ್ನೊಂದು ದಿಕ್ಕಿನಿಂದ. ಮೂರು ಮೀಟರಿನ ಅಂತರವನ್ನು ಅಳೆದು ಬೋಲ್ಟು ಬಿಗಿದು ಮನೆಗೆ ಹೋಗುವ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ.

ಬ್ರಿಟನ್ನಿನ ಇಂಡಿಪೆಂಡೆಂಟ್ ಬ್ರಾಡ್‌ಕಾಸ್ಟಿಂಗ್ ಅಥಾರಿಟಿಯ ಎಂಜಿನಿಯರುಗಳು ಆಲ್ಡರ್ನಿಯಲ್ಲಿ ಕಟ್ಟಿದ್ದು 'ಸೇಬರ್' ಎಂಬ ಆಂಟೆನಾ. ಸ್ಟೀರಬಲ್ ಅಡಾಪ್ಟಿವ್ ಬ್ರಾಡ್‌ಕಾಸ್ಟ್ ರಿಸೆಪ್ಷನ್ ಈಕ್ವಿಪ್‌ಮೆಂಟ್ ಎಂಬ ಉದ್ದನೆಯ ಹೆಸರಿನ ಚುಟುಕು ರೂಪ. ಕಿವುಡು ಮೂಲೆಯನ್ನು ಪೀಡಕ ಹೋದ ಕಡೆಗೆಲ್ಲ ತಿರುಗಿಸಲು ಅದರಲ್ಲಿ ಕಂಪ್ಯೂಟರ್ ಇತ್ತು. 1976ರಲ್ಲಿ, ಮನೆಯ ಟಿ.ವಿ. ಕಾರ್ಯಕ್ರಮಕ್ಕಾಗಿ, ಇದು ಸಾಮಾನ್ಯ ಸಾಹಸವಲ್ಲ.

ಇಂಥ ಹೊಂದಿಕೊಳ್ಳುವ ಆಂಟೆನಾದ ತತ್ವ ಆಗಲೇ ಸಿದ್ಧವಾಗಿತ್ತು. ಜನರಲ್ ಎಲೆಕ್ಟ್ರಿಕ್‌ನ ಪಾಲ್ ಹವೆಲ್ಸ್ 1950ರ ದಶಕದ ಕೊನೆಯಲ್ಲಿ ರೇಡಾರಿಗೆ ಅಡ್ಡಿಪಡಿಸುವವರ ವಿರುದ್ಧ ಇದನ್ನು ರೂಪಿಸಿದ್ದ. ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ 1960ರಲ್ಲಿ ತನ್ನ ವಿದ್ಯಾರ್ಥಿ ಟೆಡ್ ಹಾಫ್ ಜತೆ ಸೇರಿ ಇದಕ್ಕೆ ಒಗ್ಗುವ ಸರಳ ಲೆಕ್ಕಕ್ರಮವನ್ನು ಕಂಡುಹಿಡಿದ, 1967ರಲ್ಲಿ ಆಂಟೆನಾಗಳಿಗೆ ಅದನ್ನು ಅನ್ವಯಿಸಿ ತೋರಿಸಿದ. ಅದೇ ಹಾಫ್ ಮುಂದೆ ಇಂಟೆಲ್‌ಗೆ ಹೋಗಿ ಮೈಕ್ರೊಪ್ರಾಸೆಸರ್ ರೂಪಿಸಿದವರಲ್ಲೊಬ್ಬನಾದ.

ಕ್ರಮ ಇಷ್ಟು. ಸಾಲಾಗಿ ಹಲವು ಆಂಟೆನಾಗಳಿವೆ. ಪ್ರತಿಯೊಂದರ ಸಿಗ್ನಲ್ಲಿಗೂ ಎರಡು ಗುಂಡಿ: ಒಂದು ಬಲ ಹೆಚ್ಚು ಕಡಿಮೆ ಮಾಡುವುದಕ್ಕೆ, ಇನ್ನೊಂದು ತಡಮಾಡುವುದಕ್ಕೆ. ಎಲ್ಲವನ್ನೂ ಕೂಡಿಸಿ ಬಂದ ಫಲಿತವನ್ನು, ಬೇಕಾದ ಸಿಗ್ನಲ್ ಹೇಗಿರಬೇಕೆಂದು ಮೊದಲೇ ಗೊತ್ತಿರುವ ಗುರುತಿನೊಂದಿಗೆ ಹೋಲಿಸಬೇಕು. ವ್ಯತ್ಯಾಸ ಕಡಿಮೆಯಾಗುವ ಕಡೆಗೆ ಗುಂಡಿಗಳನ್ನು ಒಂದಿಷ್ಟೇ ತಿರುಗಿಸಬೇಕು, ಮತ್ತೆ ಹೋಲಿಸಬೇಕು. ಇದನ್ನೇ ಬಿಡದೆ ಮಾಡುತ್ತಿದ್ದರೆ ಪೀಡಕ ಎಲ್ಲಿದ್ದಾನೆಂದು ಯಾರೂ ಹೇಳಿಕೊಡದಿದ್ದರೂ ಆ ದಿಕ್ಕಿನಲ್ಲಿ ಕಿವುಡು ತಾನಾಗಿ ಮೂಡುತ್ತದೆ. ಎಂಟು ಆಂಟೆನಾಗಳಿದ್ದರೆ ಬೇಕಾದ ದಿಕ್ಕನ್ನು ಕಾಪಾಡಿಕೊಂಡು ಏಳು ಕಡೆ ಕಿವುಡಾಗಬಹುದು. ಎಂಟನೆಯ ಪೀಡಕ ಬಂದರೆ ಲೆಕ್ಕ ತಪ್ಪುತ್ತದೆ. ಗುರುತನ್ನು ಸರಿಯಾಗಿ ಹೇಳಿಕೊಡದಿದ್ದರಂತೂ ಯಂತ್ರ ಅತಿಜಾಣನಾಗಿ, ಎಲ್ಲಕ್ಕಿಂತ ಬಲವಾಗಿ ಬರುತ್ತಿರುವ ನಮ್ಮ ಕೇಂದ್ರವನ್ನೇ ಪೀಡಕನೆಂದು ತಿಳಿದು ಅಳಿಸಿಹಾಕುತ್ತದೆ. ಇಂದು ಮೊಬೈಲ್ ಗೋಪುರಗಳಲ್ಲಿ ಇದೇ ಗಣಿತ ಚಿಪ್ಪಿನೊಳಗೆ ಕೂತು ನಡೆಯುತ್ತಿದೆ.

ಹೊರಗಿನವರನ್ನೆಲ್ಲ ತಡೆದ ಮೇಲೂ ಒಬ್ಬ ಶತ್ರು ಮನೆಯೊಳಗೇ ಉಳಿಯುತ್ತಾನೆ, ಕೇಂದ್ರದ ಸ್ವಂತ ಪ್ರಸಾರ. ಹಿಡಿದ ಆವರ್ತನದಲ್ಲೇ ಮರುಪ್ರಸಾರ ಮಾಡುವ ರಿಲೇ ಕೇಂದ್ರಗಳೂ ಇವೆ, ಡಿಜಿಟಲ್ ಟಿ.ವಿ. ಬಂದ ಮೇಲೆ ಅವುಗಳ ಬಳಕೆ ಹೆಚ್ಚಿತು. ಅಂಥ ಕೇಂದ್ರದ ಆಂಟೆನಾಗೆ ಬರುವ ಸಿಗ್ನಲ್ ಹತ್ತು ನ್ಯಾನೊವಾಟ್, ಪ್ರಸಾರ ಹತ್ತು ವಾಟ್ ಎಂದಿಟ್ಟುಕೊಳ್ಳಿ. ಬಲವರ್ಧನೆ ನೂರು ಕೋಟಿ ಪಟ್ಟು. ಹೊರಟದ್ದರಲ್ಲಿ ನೂರು ಕೋಟಿಯಲ್ಲೊಂದು ಪಾಲು ಹಿಂದಿರುಗಿ ಕೇಳುವ ಆಂಟೆನಾಗೆ ಬಿದ್ದರೂ ಸಾಕು, ಅದು ಮತ್ತೆ ಅಷ್ಟೇ ಬಲಗೊಂಡು ಹೊರಟು, ಮತ್ತೆ ಹಿಂದಿರುಗಿ, ಕೇಂದ್ರ ಕೂಗತೊಡಗುತ್ತದೆ. ಸಭೆಯಲ್ಲಿ ಮೈಕು ಕೀರಲಿಡುವುದೂ ಇದೇ ಕಾರಣಕ್ಕೆ. ಆದ್ದರಿಂದ ಕೇಳುವ ಆಂಟೆನಾ ಪ್ರಸಾರದ ಆಂಟೆನಾಗೆ ಬೆನ್ನುಹಾಕಿ, ಅದರಿಂದ ಆದಷ್ಟು ಕೆಳಗೆ, ನಡುವೆ ಗೋಪುರದ ಕಬ್ಬಿಣವನ್ನೋ ಬಂಡೆಯನ್ನೋ ಇಟ್ಟುಕೊಂಡು ಕೂರಬೇಕು. ಮಿಕ್ಕದ್ದನ್ನು ಪ್ರತಿಧ್ವನಿ ಅಳಿಸುವ ಎಲೆಕ್ಟ್ರಾನಿಕ್ ಮಂಡಲಗಳು ನೋಡಿಕೊಳ್ಳುತ್ತವೆ.

ಈಗಿನ ಹೆಚ್ಚಿನ ರಿಲೇ ಕೇಂದ್ರಗಳು ಕಾರ್ಯಕ್ರಮವನ್ನು ಉಪಗ್ರಹದಿಂದ ಡಿಷ್ ಮೂಲಕ ಪಡೆಯುತ್ತವೆ. ಡಿಷ್ ಎಂದರೆ ದಿಕ್ಕಿನ ವಿಷಯದಲ್ಲಿ ಹಟಮಾರಿ. 3.8 ಮೀಟರ್ ವ್ಯಾಸದ ಡಿಷ್ 4 ಗಿಗಾಹರ್ಟ್ಸ್‌ನಲ್ಲಿ ಆಕಾಶದ ಒಂದೂವರೆ ಡಿಗ್ರಿಯೊಳಗಿನದನ್ನಷ್ಟೇ ಚೆನ್ನಾಗಿ ಕೇಳುತ್ತದೆ. ಎರಡು ಮೂರು ಡಿಗ್ರಿ ಪಕ್ಕದಲ್ಲಿ ಅದೇ ಆವರ್ತನದ ಇನ್ನೊಂದು ಉಪಗ್ರಹವಿದ್ದರೂ ಸಹಿಸಿಕೊಳ್ಳುತ್ತದೆ. ಆದರೆ ದಿಕ್ಕಿನ ಆಟಕ್ಕೆ ಬೇಕಾದ ಕನಿಷ್ಠ ಷರತ್ತೆಂದರೆ ಬೇಕಾದದ್ದೂ ಬೇಡದ್ದೂ ಬೇರೆ ಬೇರೆ ದಿಕ್ಕಿನಲ್ಲಿರುವುದು. ವರ್ಷಕ್ಕೆರಡು ಸಲ ಆ ಷರತ್ತು ಮುರಿಯುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ಸೂರ್ಯನೂ ರೇಡಿಯೊ ಗದ್ದಲದ ದೊಡ್ಡ ಕುಲುಮೆ. ಇಂಥ ಡಿಷ್ಷಿಗೆ ನಾಲ್ಕೈದು ದಿನ, ದಿನಕ್ಕೆ ಹೆಚ್ಚೆಂದರೆ ಏಳೆಂಟು ನಿಮಿಷ, ಉಪಗ್ರಹದ ಸಿಗ್ನಲ್ ಸೂರ್ಯನ ಗದ್ದಲದಲ್ಲಿ ಮುಳುಗುತ್ತದೆ. ಡಿಷ್ ದೊಡ್ಡದಾದಷ್ಟೂ ಈ ಅವಧಿ ಕಿರಿದಾಗುತ್ತದೆ, ಇಲ್ಲವಾಗುವುದಿಲ್ಲ. ಯಾವ ದಿನ ಎಷ್ಟು ಗಂಟೆಗೆ ಎಂಬುದನ್ನು ಪಂಚಾಂಗದ ಹಾಗೆ ಮುಂಚಿತವಾಗಿಯೇ ಗುಣಿಸಿಡಬಹುದು. ನೆಲದ ಕೇಬಲ್ಲಿನ ಬದಲಿ ದಾರಿ ಇರುವ ಕೇಂದ್ರಗಳು ಆ ಹೊತ್ತಿಗೆ ಅದಕ್ಕೆ ಬದಲಾಯಿಸಿಕೊಳ್ಳುತ್ತವೆ. ಇಲ್ಲದವು ಸೂರ್ಯ ಸರಿಯುವವರೆಗೆ ಕಾಯುತ್ತವೆ.